ಸಂಬಂಧಿಕರ ಹುಡುಗಿ

ಸಾಕ್ಷಿ ಪಿಯಾನೊ ಮುಂದೆ ಕೂತು ಸೆರಗು ಸರಿಮಾಡಿಕೊಂಡಾಗ ಗುರುಪುತ್ರಪ್ಪನ ಎದೆ ಉಬ್ಬಿತು. ಅವಳು ಉಟ್ಟದ್ದು ಅವನ ಅಂಗಡಿಯದೇ ಇಳಕಲ್ ಸೀರೆ. ಬೆಳಗಾವಿಯ ಶಹಾಪುರದಲ್ಲಿ ಸೀರೆ ವ್ಯಾಪಾರ ಮಾಡುವ ಅವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಮಗಳು ಮಾತ್ರ ಚಿಕ್ಕಂದಿನಿಂದ ಊರಿನ ಕ್ಯಾಂಪ್ ಬಡಾವಣೆಯ ಟೀಚರ್ ಹತ್ತಿರ ಪಿಯಾನೊ ಕಲಿತು, ಈಗ ಹಿಂದವಾಡಿಯ ಸಭಾಂಗಣದಲ್ಲಿ ತುಂಬಿದ ಜನರೆದುರು ಕೂತಿದ್ದಳು.

ನುಡಿಸಬೇಕಾದದ್ದು ರಷ್ಯಾದ ಸಂಗೀತಕಾರ ರಾಖ್ಮನಿನೋವ್ ಹತ್ತೊಂಬತ್ತರ ಹರೆಯದಲ್ಲಿ ಬರೆದ ಒಂದು ಚಿಕ್ಕ ಕೃತಿ. ಆತನ ಕಥೆಯನ್ನು ಸಾಕ್ಷಿ ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದಳು. ಆತನ ಮೊದಲ ಸಿಂಫನಿಯನ್ನು ದೊಡ್ಡ ವಾದ್ಯವೃಂದ ನುಡಿಸಿದ ದಿನ ಎಲ್ಲ ಹದಗೆಟ್ಟು, ಆತ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದನಂತೆ. ಪತ್ರಿಕೆಯವರು ಬರೆದದ್ದು ಓದಿ ಮತ್ತಷ್ಟು ಕುಗ್ಗಿಹೋದನಂತೆ. “ಪಾಪ” ಎಂದು ಗುರುಪುತ್ರಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ.

ಗಂಟೆ ಬಡಿದಂತೆ ಮೂರು ಭಾರದ ಸ್ವರಗಳು ಕೇಳಿದವು. ಆರಂಭ ಚೆನ್ನಾಗಿತ್ತು. ನಡುವಿನ ಬಿರುಸಿನ ಭಾಗ ಬಂದಾಗ ಸಾಕ್ಷಿಯ ಕೈ ತಡವರಿಸಿ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು. ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಎದ್ದು ಕೈಮುಗಿದು ಒಳಗೆ ಹೋದಳು.

ಪಕ್ಕದಲ್ಲಿ ಮುತ್ತಪ್ಪ ಕೂತಿದ್ದ. ಅವನೂ ಜವಳಿ ವ್ಯಾಪಾರಿಯೇ. ಮೊಮ್ಮಗಳ ಕುಣಿತ ನೋಡಲು ಬಂದವನು. ಬಾಗಿ ಕೇಳಿದ, “ಸಾವಕಾರ್ರ, ಅಕಿ ನಿಮ್ಮ ಮಗಳೇನ್ರೀ?”

“ಅಲ್ರೀ, ಅಲ್ಲ. ನಮ್ಮ ಸಂಬಂಧಿಕರ ಪೈಕಿ ಹುಡುಗಿ.”

ಮಾತು ಬಾಯಿಂದ ಜಾರಿದ ಮೇಲೆ ಗುರುಪುತ್ರಪ್ಪ ತಲೆ ತಿರುಗಿಸಿದ. ವೇದಿಕೆಯ ಪಕ್ಕದ ಬಾಗಿಲಿನಿಂದ ಇಳಿದು ಬಂದ ಸಾಕ್ಷಿ ಅವನ ಕುರ್ಚಿಯ ಹಿಂದೆಯೇ ನಿಂತಿದ್ದಳು.

ಎರಡು ದಿನ ಕಳೆದ ಮೇಲೆ ಸಾಕ್ಷಿ ಬಟ್ಟೆ ತುಂಬಿಕೊಂಡು ಖಾನಾಪುರದ ಅಜ್ಜಿಯ ಮನೆಗೆ ಹೊರಟುಹೋದಳು. ಹೆಂಡತಿ ಕಾಂತಾ, “ನಾಕು ಸ್ವರ ತಪ್ಪಿದ್ದಕ್ಕ ಇಷ್ಟ್ಯಾಕ ಮನಸ್ಸಿಗೆ ಹಚ್ಕೊಂಡ್ಳೋ” ಎಂದು ಮರುಗಿದಾಗ ಗುರುಪುತ್ರಪ್ಪ “ಹೂಂ” ಎಂದ. ಕಾಂತಾ ನಿಜ ತಿಳಿಯದೆ ಹಾಗೇ ಅಂದುಕೊಂಡಿದ್ದರೆ ಸಾಕು ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಅಂಗಡಿಯಲ್ಲಿ ಗಿರಾಕಿಯೊಬ್ಬಳು ಸೀರೆ ಮೈಮೇಲೆ ಹಾಕಿಕೊಂಡು, “ನಿಮ್ಮ ಮಗಳಾಗಿದ್ರ ಯಾವುದು ಕೊಡಸ್ತಿದ್ರಿ?” ಎಂದಾಗ ಅವನು ಗದ್ದುಗೆಯಿಂದ ಎದ್ದು ಹೊರಗೆ ಹೋಗಿಬಿಟ್ಟ.

ಮರುದಿನ ಬೆಳಿಗ್ಗೆ ರೈಲು ಹತ್ತಿದ. ದೇಸೂರ ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದ. ಖಾನಾಪುರದಲ್ಲಿ ಇಳಿದಾಗ ಒಂದೂ ನೆನಪಿರಲಿಲ್ಲ.

“ಬರ್ರಿ, ಕುಂದರ್ರಿ” ಎಂದು ಅತ್ತೆ ಬಾಳವ್ವ ಚಹಾ ತಂದಿಟ್ಟಳು. ಸಾಕ್ಷಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ಕೂಸು ಏನೂ ಹೇಳವಲ್ದು” ಅಂದಳು ಬಾಳವ್ವ. “ಬಾರಸೂದು ತಪ್ಪಿತು ಅಂತೈತಿ, ಅಷ್ಟ. ಅದಕ್ಕ ಇಷ್ಟು ದಿನಾ ಮುಖಾ ಸಣ್ಣ ಮಾಡ್ಕೊಂಡು ಕುಂದರೂದ?”

ಮಗಳು ಅವನ ಮಾನ ಕಾಯ್ದಿದ್ದಳು. ಗುರುಪುತ್ರಪ್ಪ ಚಹಾದ ಬಟ್ಟಲು ಕೆಳಗಿಟ್ಟ.

“ಅದಲ್ರೀ ಅತ್ತಿ. ಇಕಿ ನನ್ನ ಮಗಳಲ್ಲ ಅಂದೆ ನಾನು. ಬಾಜು ಕುಂತಾಂವಗ. ಇಕಿ ಕೇಳಿಸ್ಕೊಂಡ್ಳು.”

ಬಾಳವ್ವ ಅವನನ್ನು ನೋಡಿದಳು. ಸೆರಗು ಎಳೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಶೇಂಗಾ ಸಿಪ್ಪೆ ಒಡೆಯುವ ಸದ್ದು ನಿಂತಿತ್ತು. ಅವನು ಮಗಳ ಎದುರು ಕೂತು ಕೇಳಿದ, “ಆ ರಷ್ಯಾದಾಂವಾ… ಮುಂದ ಏನ್ ಮಾಡ್ದಾ?”

“ಮೂರು ವರ್ಷ ಬರಿಯಾಕ ಆಗ್ಲಿಲ್ಲ. ಆಮ್ಯಾಲೆ ಒಬ್ರು ಡಾಕ್ಟರ್ ದಿನಾ ಕುಂದರಿಸಿ ಹೇಳಿದ್ರಂತ, ನೀ ಬರೀತಿ, ಚಲೋ ಬರೀತಿ ಅಂತ. ಕಡೀಕ ಒಂದು ದೊಡ್ಡ ಕೃತಿ ಬರದಾ. ಅದನ್ನ ಆ ಡಾಕ್ಟರಗ ಅರ್ಪಣಾ ಮಾಡ್ದಾ.”

“ಹಂಗಾರ ನಾನೂ ದಿನಾ ಹೇಳ್ತೀನಿ.”

“ಬ್ಯಾಡ್ರಿ ಅಪ್ಪಾ” ಎಂದಳು ಸಾಕ್ಷಿ, ಮೊದಲ ಸಲ ಅವನ ಕಡೆ ನೋಡಿ. “ನನಗ ಹೇಳೂದು ಏನೂ ಬ್ಯಾಡ. ಮುಂದಿನ ಸಲ ಸ್ಟೇಜ್ ಮ್ಯಾಲೆ ಬಂದು ನನ್ನ ಬಾಜು ಕುಂದರ್ರಿ. ಸ್ವರದ ಹಾಳಿ ತಿರುವ್ರಿ.”

ಬೆಳಗಾವಿಗೆ ಮರಳಿದವನು ಮನೆಗೆ ಹೋಗುವ ಮೊದಲು ಮುತ್ತಪ್ಪನ ಅಂಗಡಿಗೆ ಹೋಗಿ, ಅವತ್ತಿನ ಹುಡುಗಿ ತನ್ನ ಮಗಳೇ ಎಂದು ಹೇಳಿದ. “ಯಾವ ಹುಡುಗಿ?” ಎಂದ ಮುತ್ತಪ್ಪ, ಬಟ್ಟೆ ಅಳೆಯುತ್ತಲೇ. ಅವನಿಗೆ ನೆನಪೇ ಇರಲಿಲ್ಲ. ಅಂದು ರಾತ್ರಿ ಊಟದ ಹೊತ್ತಿಗೆ ತಾನಾಡಿದ ಮಾತನ್ನು ಕಾಂತಾಗೂ ಹೇಳಿದ. ಅವಳು ವಾರಗಟ್ಟಲೆ ಅವನೊಡನೆ ಮಾತು ಬಿಟ್ಟಳು.

ಸಾಕ್ಷಿ ಮನೆಗೆ ಮರಳಿದಳು. ಮಳೆಗಾಲ ಮುಗಿದ ಮೇಲೆ ಕ್ಯಾಂಪಿನ ಟೀಚರ್ ಇನ್ನೊಂದು ಕಾರ್ಯಕ್ರಮ ಇಟ್ಟರು. ಅದೇ ಕೃತಿ ನುಡಿಸಲು ಕೂತ ಸಾಕ್ಷಿಯ ಎಡಗಡೆ ಗುರುಪುತ್ರಪ್ಪ ಬಿಳಿ ಅಂಗಿ ತೊಟ್ಟು ಕೂತ. ಸ್ವರಲಿಪಿ ಅವನಿಗೆ ಇರುವೆ ಸಾಲಿನಂತೆ ಕಾಣುತ್ತಿತ್ತು. ಮಗಳು ತಲೆಯಾಡಿಸಿದಾಗ ಹಾಳೆ ತಿರುವಬೇಕು, ಅಷ್ಟೇ. ಬಿರುಸಿನ ಭಾಗ ಬಂತು. ಅವಳು ತಲೆಯಾಡಿಸಿದಳು. ಬೆವರಿದ ಬೆರಳಿಗೆ ಎರಡು ಹಾಳೆ ಒಟ್ಟಿಗೆ ಅಂಟಿ ತಿರುಗಿದವು.

ಜನ ನಕ್ಕರು. ಅವನ ಕಿವಿ ಕಾದವು. ನೆಲ ಬಾಯಿಬಿಡಬಾರದೇ ಅನಿಸಿತು. ಸಾಕ್ಷಿ ಮಾತ್ರ ನಿಲ್ಲಿಸಲಿಲ್ಲ. ನೆನಪಿನಿಂದಲೇ ಮುಂದೆ ನುಡಿಸುತ್ತಿದ್ದಳು. ಗುರುಪುತ್ರಪ್ಪ ಎಲ್ಲರೂ ನೋಡುತ್ತಿರುವಂತೆಯೇ ಹಾಳೆಗಳನ್ನು ಬಿಡಿಸಿ, ಒಂದನ್ನು ಹಿಂದಕ್ಕೆ ತಂದು, ಬೀಳದಂತೆ ಕೈಯಿಂದ ಒತ್ತಿ ಹಿಡಿದುಕೊಂಡು ಕೂತ.