ಐದನೆಯ ಜುಮಗಿಗೆ ಹೊಸ ನಾಜಲ್

ಸೇಡಂನ ಮಶಾಕನ ಪಿಕಪ್ ಗಾಡಿಯ ಮುಂದಿನ ಗಾಜಿನ ಮೇಲೆ 'ಸೇಡಂ ಕಾ ಶೇರ್', ಅಂದರೆ ಸೇಡಂನ ಸಿಂಹ, ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಬರೆಸಿದವನು ಅವನೇ, ನಂಬಿದವನೂ ಅವನೊಬ್ಬನೇ. ಊರ ಮಂದಿ ಅದನ್ನು ಕರೆಯುತ್ತಿದ್ದದ್ದು ಮುದಿ ಎಮ್ಮೆ ಎಂದು. ಸುಳ್ಳು ಯಾಕೆ ಹೇಳಬೇಕು, ಸಪಾಟು ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಚಿತ್ತಾಪುರದ ಮೇಲೆ ಹಾದು ಸೇಡಂ ಮುಟ್ಟುವವರೆಗೆ, ದಾರಿ ಸಪಾಟಿದ್ದಲ್ಲೆಲ್ಲ, ಅದರದ್ದೇನೂ ತಕರಾರಿರಲಿಲ್ಲ. ಆದರೆ ಎದುರಿಗೆ ಒಂದು ಏರು ಕಂಡಿತೋ, ಮುಗಿಯಿತು ಕಥೆ. ಅರ್ಧ ಹತ್ತಿ, ಎರಡು ಸಲ ಕೆಮ್ಮಿ, ನಿಂತುಬಿಡುತ್ತಿತ್ತು.

ಕಲ್ಲು ಹೇರುವ ದಿನಗಳಲ್ಲಿ ಇದರಿಂದ ಯಾರ ಮಾನವೂ ಹೋಗಿರಲಿಲ್ಲ. ಹಮಾಲ ಭೀಮಶ್ಯಾ ಇಳಿಯುತ್ತಿದ್ದ, ಗಾಡಿಯ ತಾಯಿಯಿಂದ ಶುರುಮಾಡಿ ಮಶಾಕನ ಮುತ್ತಜ್ಜನವರೆಗೆ ಬೈಯುತ್ತಿದ್ದ, ಆಮೇಲೆ ದೂಡುತ್ತಿದ್ದ. ಮಾನ ಹೋದದ್ದು ಮಶಾಕನ ಮದುವೆಯಾದ ಮೇಲೆ.

ಹೆಣ್ಣು ಚಿಂಚೋಳಿಯ ಆಚೆ ಚಿಮ್ಮನಚೋಡದ ಖಾಜಾ ಸಾಬನ ಮಗಳು ಜೈತುನ್‌ಬೀ. ಅವರಲ್ಲಿ ಮದುವೆಯಾದ ಮೇಲೆ ಐದು ಶುಕ್ರವಾರ ಅಳಿಯನನ್ನು ಬಂಧುಬಳಗದ ಸಮೇತ ಕರೆಸಿ ಹೊಟ್ಟೆ ಬಿರಿಯುವಂತೆ ಉಣ್ಣಿಸುತ್ತಾರೆ. ಅದಕ್ಕೆ ಜುಮಗಿ ಅನ್ನುತ್ತಾರೆ. ಮೊದಲ ಎರಡು ಜುಮಗಿಗೆ ಎಲ್ಲರೂ ಮರ್ಯಾದೆಯಿಂದ ಬಸ್ಸಿನಲ್ಲಿ ಹೋಗಿ ಬಂದರು. ಮೂರನೆಯದಕ್ಕೆ ಮಶಾಕನಿಗೆ ಗತ್ತು ಏರಿತು. ಮನೆಯಲ್ಲಿ ಶೇರ್ ನಿಂತಿರುವಾಗ ಬಸ್ಸು ಯಾಕೆ? ಹಿಂದೆ ಜಮಖಾನ ಹಾಸಿ ಬಳಗವನ್ನೆಲ್ಲ ಹೇರಿಕೊಂಡು ಹೊರಟ.

ಚಿಮ್ಮನಚೋಡದ ಈಚೆಗೆ ಒಂದು ಹಳ್ಳ. ರಸ್ತೆ ಹಳ್ಳಕ್ಕಿಳಿದು ಮತ್ತೆ ಏರುತ್ತದೆ. ಹೋಗುವಾಗಲೂ ಏರು, ಬರುವಾಗಲೂ ಏರು. ಶೇರ್ ಅಲ್ಲಿ ನಿಂತಿತು. ಎಲ್ಲರೂ ಇಳಿದರು. ಗಂಡಸರು ದೂಡಿದರು, ಅಲುಗಲಿಲ್ಲ. ಮಶಾಕನ ತಾಯಿ ಬಿಬಿಜಾನ್ ಕೈ ಹಚ್ಚಿದಳು, ಇಬ್ಬರು ಅತ್ತೆಯರು ಹಚ್ಚಿದರು. ಕಡೆಗೆ ಹೊಸ ಬುರ್ಖಾದೊಳಗಿಂದ ಮೆಹೆಂದಿ ಹಚ್ಚಿದ ಎರಡು ಕೈ ಹೊರಬಂದು ಹಲಗೆಗೆ ಒತ್ತಿದವು. ಮಶಾಕ ಸೀಟಿನಲ್ಲಿದ್ದ. ಡ್ರೈವರ್ ಸೀಟು ಬಿಡಬಾರದು, ಅದು ಕಸುಬಿನ ನೇಮ. ಟೈರಿಗೆ ಕಲ್ಲು ಕೊಟ್ಟು ಮಂದಿ ದಣಿವಾರಿಸಿಕೊಳ್ಳುವಾಗ ಅವನು ಒಂದು ಬೀಡಿ ಹಚ್ಚಿದ. "ಎಡಕ್ಕ ದೂಡ್ರಿ! ಇನ್ನ ಜೋರ! ಉಂಡಿಲ್ಲೇನು?" ಎಂದು ಕಿಟಕಿಯಿಂದ ಕೂಗಿದ. ಗಾಡಿ ದಿಬ್ಬ ಹತ್ತಿದ ಮೇಲೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಎಬ್ಬಿಸುವವರು ಯಾರು? ಸೀದಾ ಮಾವನ ಬಾಗಿಲಿಗೆ ಹೋದ.

ದೂಡಿದವರು ಧೂಳು ತಿನ್ನುತ್ತ ನಡೆದು ಬಂದಾಗ ಅಳಿಯದೇವರು ಮಂಚದ ಮೇಲೆ ಕುಳಿತು ಶರಬತ್ತು ಕುಡಿಯುತ್ತಿದ್ದರು.

ಅಂದು ಸಂಜೆ ಹೊರಡುವ ಹೊತ್ತಿಗೆ ಜೈತುನ್‌ಬೀ ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳಿದಳು: "ಆ ಗಾಡ್ಯಾಗ ನಾ ಬರಂಗಿಲ್ಲ." ಬರಲೂ ಇಲ್ಲ.

ನಾಲ್ಕನೆಯ ಜುಮಗಿಗೆ ಮಶಾಕ ಜ್ವರವೆಂದು ಸುಳ್ಳು ಹೇಳಿ ಕಂಬಳಿ ಹೊದ್ದು ಮಲಗಿದ. ಮಲಗಿದವನಿಗೆ ಒಂದೇ ಚಿಂತೆ. ಅವನಿಗೆ ಅವಳು ಬೇಕಾಗಿದ್ದಳು. ಮದುವೆಯಾದ ಹೊಸದರಲ್ಲಿ, ಸಂಜೆ ಯಾರೂ ಇಲ್ಲದ ಹೊತ್ತು ನೋಡಿ, ಕಾಗಿಣಾ ಹೊಳೆಯ ದಂಡೆಯ ಬಯಲಲ್ಲಿ ಅವಳಿಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದ. ಕ್ಲಚ್ ಬಿಡುವುದನ್ನು ಅವಳು ಒಂದೇ ಸಂಜೆಗೆ ಕಲಿತಳು. ಅವನಿಗೆ ಅದಕ್ಕೆ ಅರ್ಧ ವರ್ಷ ಹಿಡಿದಿತ್ತು; ಅದನ್ನು ಅವನು ಅವಳಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಗಾಜಿನ ಮೇಲಿನ ಹೆಸರು ಓದಿ ಅವಳು ನಕ್ಕ ನಗು ಕಂಬಳಿಯೊಳಗೂ ಕೇಳಿಸುತ್ತಿತ್ತು.

"ಬಸ್ಸಿನ್ಯಾಗ ಹೋಗಿ ಕರ್ಕೊಂಡ್ ಬಾರೋ ಹುಚ್ಚ," ಎಂದಳು ಬಿಬಿಜಾನ್. "ಬಸ್ಸಿಗೇನ್ ಬರಗಾಲ ಬಂದದೇನು?"

"ಬಸ್ಸಿಂದಲ್ಲಮ್ಮ ಮಾತು, ಗಾಡೀದು. ಅಕಿನೇ ಅಂದಾಳಲ್ಲ, ಆ ಗಾಡ್ಯಾಗ ಬರಂಗಿಲ್ಲಂತ. ಗಾಡಿಗಿ ದಮ್ ಇಲ್ಲ, ಅಕಿಗಿ ನಾಚಿಕಿ ಆಗ್ಯದ."

"ದಮ್ ಯಾರಿಗಿಲ್ಲೋ ಏನೋ," ಎಂದು ಬಿಬಿಜಾನ್ ಅಡಿಕೆ ಕತ್ತರಿಸುವುದಕ್ಕೆ ಕೂತಳು.

ಐದನೆಯದು ಕಡೆಯ ಜುಮಗಿ. ಅದಕ್ಕೂ ಹೋಗದಿದ್ದರೆ, ಹೋಗಿಯೂ ಹೆಂಡತಿಯನ್ನು ಕರೆತರದಿದ್ದರೆ, ಸೇಡಂನ ಚಹದಂಗಡಿಗಳಲ್ಲಿ ಮಶಾಕ ತಲೆ ಎತ್ತುವ ಹಾಗಿರಲಿಲ್ಲ. ಅವನು ಗಾಡಿ ತೆಗೆದುಕೊಂಡು ಸೀದಾ ವಾಡಿಗೆ ಹೋದ.

ವಾಡಿ ಸ್ಟೇಷನ್ನಿನ ಹಿಂದೆ ಬೇವಿನ ಮರದ ಕೆಳಗೆ ಅಮೀರ್ ಅಲಿಯ ಗ್ಯಾರೇಜು. ಸಿಮೆಂಟಿನ ಧೂಳಿಗೆ ಬೇವಿನ ಮರ ಬೆಳ್ಳಗಾಗಿತ್ತು, ಎಣ್ಣೆಗೆ ಅಮೀರ್ ಅಲಿ ಕರ್ರಗಾಗಿದ್ದ. ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ತನ್ನ ಮೇಲೆ ದೇವರೊಬ್ಬನೇ, ಅವನೂ ಒಮ್ಮೊಮ್ಮೆ ತನ್ನನ್ನು ಕೇಳಿಯೇ ಮುಂದುವರಿಯುತ್ತಾನೆ ಎಂಬುದು ಅವನ ಅಭಿಪ್ರಾಯ. ಎಂಜಿನ್ನಿನಿಂದ ಒಂದು ಇಂಜೆಕ್ಟರ್ ಬಿಚ್ಚಿ, ಕೈಪಂಪಿಗೆ ಸಿಕ್ಕಿಸಿ, ಒತ್ತಿ ತೋರಿಸಿದ. ತುದಿಯ ನಾಜಲಿನಿಂದ ಡೀಸೆಲ್ ಮಂಜಿನ ಹಾಗೆ ಚಿಮ್ಮಬೇಕು. ಅದು ತೊಟತೊಟ ತೊಟ್ಟಿಕ್ಕಿತು.

"ನೋಡ್. ಮುದುಕ ಗ್ವಾಡಿಗಿ ಉಚ್ಚಿ ಹೊಯ್ದಂಗ ಹೊಯ್ಲಕತ್ತದ. ಇಂಥಾದ್ದು ಇಟ್ಕೊಂಡು ಅತ್ತಿ ಮನಿಗಿ ಹೋಗಿದ್ಯಾ? ನಾಚಿಕಿ ಆಗ್ಬೇಕು ನಿನಗ."

"ಹಂಗಾರ ಏನ್ ಮಾಡ್ಬೇಕು ಉಸ್ತಾದ್?"

"ಲಾರಿ ನಾಜಲ್ ಹಾಕ್ತೀನಿ. ತೂತು ದೊಡ್ಡದಿರ್ತದ, ಎಣ್ಣಿ ಜಾಸ್ತಿ ಇಳೀತದ. ಪಂಪಿನ ಸ್ಕ್ರೂನೂ ಒಂದೀಟು ತಿರವ್ತೀನಿ. ದಿಬ್ಬ ಏನು, ಗ್ವಾಡಿ ಹತ್ತತದ."

ಹಾಕಿದ. ತಿರುವಿದ. ಗಾಡಿ ಚಾಲೂ ಮಾಡಿ ಒತ್ತಿದಾಗ ಹಿಂದಿನಿಂದ ಎಂಥಾ ಕಪ್ಪು ಹೊಗೆ ಬಂತೆಂದರೆ, ಬೆಳ್ಳಗಿದ್ದ ಬೇವಿನ ಮರದ ಅರ್ಧ ಭಾಗ ಕಾಣದಾಯಿತು.

"ಉಸ್ತಾದ್, ಹೊಗಿ..."

"ಹೊಗಿ ಎಷ್ಟ್ ಕರ್ರಗ, ಎಂಜಿನ್ ಅಷ್ಟ್ ಖುಷ್. ಹೊಟ್ಟಿ ತುಂಬಿದ ಮನಷ್ಯಾ ಡರ್ ಅಂತ ತೇಗಂಗಿಲ್ಲೇನು? ಆದ್ರ ಒಂದ್ ಮಾತು. ಕ್ಲಚ್ ಪ್ಲೇಟ್ ಹಳೇದು ಅದ. ಹೊಸಾ ದಮ್ ಬಂದದ್ದು ಎಂಜಿನ್ನಿಗಿ ಗೊತ್ತು, ಕ್ಲಚ್ಚಿಗಿ ಇನ್ನಾ ಯಾರೂ ಹೇಳಿಲ್ಲ. ಜರಾ ಹಗೂರ ಹೊಡಿ."

ಇಷ್ಟು ಹೇಳುವಾಗ ಮಶಾಕ ಮತ್ತೊಮ್ಮೆ ಎಕ್ಸಿಲೇಟರ್ ಒತ್ತಿ ಆ ಗರ್ಜನೆ ಕೇಳುತ್ತಿದ್ದ. ಹಗೂರ ಎಂಬ ಮಾತು ಅವನ ಕಿವಿಯ ಹತ್ತಿರ ಬಂದು, ಜಾಗ ಸಿಗದೆ ಹಿಂದೆ ಹೋಯಿತು.

ಪರೀಕ್ಷೆಗೆಂದು ಶಹಾಬಾದಿನಲ್ಲಿ ಫರಸಿ ಹೇರಿ, ಚಿತ್ತಾಪುರದ ದಾರಿಯ ಏರು ಹತ್ತಿಸಿದ. ಶೇರ್ ಒಂದು ಸಲವೂ ಕೆಮ್ಮಲಿಲ್ಲ. ಮಶಾಕನಿಗೆ ಕುಣಿಯಬೇಕೆನ್ನಿಸಿತು. ಕಲ್ಲಿನ ಮೇಲೆ ಕುಳಿತು ಬಂದ ಭೀಮಶ್ಯಾ ಇಳಿದಾಗ ಅವನಲ್ಲಿ ಬೆಳ್ಳಗೆ ಉಳಿದದ್ದು ಹಲ್ಲು ಮಾತ್ರ.

"ಮಶಾಕಣ್ಣ," ಎಂದ ಅವನು ಉಗುಳುತ್ತ, "ದೂಡೋದೇ ಚಲೋ ಇತ್ತು."

ಶುಕ್ರವಾರ ಬಂತು. ಮಶಾಕ ಬಿಳಿ ಶೇರ್ವಾನಿ ತೊಟ್ಟ, ಅತ್ತರು ಹಚ್ಚಿಕೊಂಡ, ಗಾಡಿಗೆ ಚೆಂಡುಹೂವಿನ ಮಾಲೆ ಕಟ್ಟಿದ. ಬಳಗ ಹಿಂದೆ ಹತ್ತಿ ಕೂತಿತು. ಭೀಮಶ್ಯಾನೂ ಬಂದ. ಜುಮಗಿ ಊಟ ಬಿಡುವಷ್ಟು ಸಿಟ್ಟು ಅವನಿಗೆ ಯಾರ ಮೇಲೂ ಇರಲಿಲ್ಲ.

ಕಡೆಯ ಜುಮಗಿ ಎಂದು ಖಾಜಾ ಸಾಬ್ ದೊಡ್ಡ ಮನಸ್ಸು ಮಾಡಿದ್ದ. ಮಗಳ ಸಿಟ್ಟು ಇಳಿಯಲಿ ಎಂಬ ಆಸೆಯೂ ಇತ್ತು. ಅಳಿಯನನ್ನು ಎದುರುಗೊಳ್ಳಲು ಊರ ಹಿರಿಯರೊಂದಿಗೆ ಹಳ್ಳದ ತನಕ ಬಂದು ನಿಂತಿದ್ದ. ಬಿಳಿ ಪೈಜಾಮ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಕೈಯಲ್ಲಿ ಮಲ್ಲಿಗೆ ಹಾರ. ಪಕ್ಕದವರ ಕೈಯಲ್ಲಿ ತಟ್ಟೆ ತುಂಬ ಹಲ್ವಾ.

ಮಶಾಕ ಅವರನ್ನು ನೋಡಿದ. ನಿಲ್ಲಿಸಬೇಕು, ಇಳಿಯಬೇಕು, ಸಲಾಂ ಮಾಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹಳೆಯ ಚಾಳಿ! ಏರಿನ ಬುಡದಲ್ಲಿ ಗಾಡಿ ನಿಲ್ಲಿಸುವುದಕ್ಕೆ ಅವನ ಕಾಲು ಒಪ್ಪಲಿಲ್ಲ. ಮೇಲಾಗಿ ದೂರದ ಮಾಳಿಗೆಯ ಮೇಲೆ ಒಂದು ಹಸಿರು ದುಪಟ್ಟಾ ಕಂಡಿತು. ಮಾವನ ಪಕ್ಕದಲ್ಲೇ ಗೇರು ಬದಲಿಸಿ ಪೂರಾ ಒತ್ತಿದ.

ಗರ್ಜಿಸಿತು ನೋಡಿ ಶೇರ್! ಒಂದೇ ಉಸಿರಿಗೆ ದಿಬ್ಬದ ತಲೆಗೆ ಹೋಗಿ ನಿಂತಿತು. ಮಶಾಕ ಬಾಗಿಲು ತೆರೆದು, ಎದೆ ಉಬ್ಬಿಸಿ, ಹೆಂಗದ ಅನ್ನುವ ಹಾಗೆ ಹಿಂದೆ ತಿರುಗಿದ. ಹಿಂದೆ ಮಾವ ಇರಲಿಲ್ಲ. ಹಳ್ಳವೇ ಇರಲಿಲ್ಲ. ಒಂದು ಕಪ್ಪು ಮೋಡ ಇತ್ತು, ಅದರೊಳಗೆ ಕೆಮ್ಮು ಇತ್ತು. ಮೋಡ ನಿಧಾನಕ್ಕೆ ಸರಿದಾಗ ಖಾಜಾ ಸಾಬ್ ಕಂಡ. ಹಾರ ಹಿಡಿದೇ ನಿಂತಿದ್ದ. ಮಲ್ಲಿಗೆ ಕಪ್ಪಾಗಿತ್ತು, ಮಾವ ಕಪ್ಪಾಗಿದ್ದ, ಹಲ್ವಾದ ಮಾತು ಬೇಡ. ಮಾಳಿಗೆಯ ಮೇಲಿಂದ ಯಾರೋ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಕೇಳಿಸಿತು. ಆ ನಗು ಮಶಾಕನಿಗೆ ಗೊತ್ತಿತ್ತು. ಅದನ್ನು ಕೇಳಿ ಅವನಿಗೆ ಜೀವ ಬಂತು.

ಎಲ್ಲರೂ ಊಟಕ್ಕೆ ಕೂತರು. ಮಾವ ಎರಡು ಸಲ ಸ್ನಾನ ಮಾಡಿ ಬಂದು ಕುಳಿತಿದ್ದ. ಕಿವಿಯ ಹಿಂದೆ ಇನ್ನೂ ಕಪ್ಪಿತ್ತು. ಭೀಮಶ್ಯಾ ಒಬ್ಬನೇ ಮತ್ತೆ ಮತ್ತೆ ಬಡಿಸಿಕೊಂಡ. ಊಟವಾದ ಮೇಲೆ ಮಶಾಕ ಒಳಬಾಗಿಲ ಹತ್ತಿರ ಹೋಗಿ ನಿಂತ.

"ಗಾಡಿ ನೋಡಿದ್ಯಾ? ದೂಡದೇ ಹತ್ತಿತು. ಈಗರ ಬಾ."

ಬಾಗಿಲು ಒಂದು ಬೆರಳಷ್ಟು ತೆರೆಯಿತು.

"ಗಾಡಿ ಹತ್ತಲಿಲ್ಲಂತ ನಾ ಸಿಟ್ಟಾಗೀನಂತ ನಿಮಗ ಯಾರ್ ಅಂದ್ರು?" ಎಂದಳು ಜೈತುನ್‌ಬೀ. "ನಮ್ಮಪ್ಪನ ಎತ್ತಿನ ಬಂಡೀನೂ ಹತ್ತಂಗಿಲ್ಲ, ನಾವು ದೂಡಂಗಿಲ್ಲೇನು? ದೂಡಿದ್ದಕ್ಕ ಯಾರಿಗಿ ಸಿಟ್ಟು? ಮುದುಕಿ ತಾಯಿ ದೂಡ್ಲಕತ್ತಾಳ, ಮೆಹೆಂದಿ ಆರದ ಹೆಂಡತಿ ದೂಡ್ಲಕತ್ತಾಳ, ನೀವು ಮ್ಯಾಲ ಕುಂತು ಬೀಡಿ ಹಚ್ಚಿದ್ರಿ. ಉಂಡಿಲ್ಲೇನು ಅಂದ್ರಿ. ಆಮ್ಯಾಲ ನಮ್ಮನ್ನ ಬಿಟ್ಟು ಹೋದ್ರಿ. ನಮ್ಮೂರಿಗಿ ನಾ ಧೂಳಾಗ ನಡ್ಕೊಂತ ಬಂದೆ. ನೀವು ಶರಬತ್ ಕುಡೀಲಕತ್ತಿದ್ರಿ."

ಆ ಗಳಿಗೆಯಲ್ಲಿ ಮಶಾಕ 'ತಪ್ಪಾತು' ಎಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಕಸುಬು ಬಾಯಿಗೆ ಬಂತು.

"ಡ್ರೈವರ್ ಇಳದ್ರ ಸ್ಟೀರಿಂಗ್ ಯಾರ್ ಹಿಡೀಬೇಕು? ಡ್ರೈವರ್ ಕೆಲಸ ಅಂದ್ರ ನಿನಗೇನ್ ಗೊತ್ತು, ಭಾಳ ತ್ರಾಸದ ಕೆಲಸ."

ಅಗಳಿ ಬಿದ್ದ ಸದ್ದು ಇಡೀ ಓಣಿಗೆ ಕೇಳಿಸಿತು.

ಹೆಂಡತಿಯಿಲ್ಲದೆ ಹೊರಟ. ಮುಖ ಸಣ್ಣದಾಗಿತ್ತು. ಗಾಡಿ ಹಳ್ಳಕ್ಕಿಳಿದು ಆಚೆ ಏರು ಹಿಡಿಯಿತು. ಅರ್ಧ ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ ಗರ್ಜಿಸುತ್ತಲೇ ಇತ್ತು, ಆದರೆ ಗಾಲಿಗಳಿಗೆ ಅದರ ಮಾತು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆಯ ಶೋಕಿಗೆ ಕ್ಲಚ್ ಪ್ಲೇಟು ಬೆಂದಿತ್ತು. ಯಾರೂ ಹೇಳದ ಸುದ್ದಿ ಕಡೆಗೂ ಕ್ಲಚ್ಚಿಗೆ ಮುಟ್ಟಿತ್ತು.

"ಇಳೀರ್ರೆಪ್ಪೋ," ಎಂದ ಭೀಮಶ್ಯಾ, ಟೈರಿಗೆ ಕಲ್ಲು ಕೊಡುತ್ತ.

ಎಲ್ಲರೂ ಇಳಿದರು. ಕನ್ನಡಿಯಲ್ಲಿ ಮಶಾಕ ತಾಯಿಯನ್ನು ಕಂಡ. ಬಿಬಿಜಾನ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಗೆ ಎರಡೂ ಕೈ ಕೊಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ, ರೂಢಿಯಾಗಿತ್ತು. ಮೂರನೆಯ ಜುಮಗಿಗೂ ಅವಳು ಹೀಗೆಯೇ ನಿಂತಿದ್ದಿರಬೇಕು. ಅಂದು ಅವನು ಕನ್ನಡಿ ನೋಡಿರಲಿಲ್ಲ, ಬೀಡಿ ಹಚ್ಚುತ್ತಿದ್ದ. ಮಶಾಕ ಬ್ರೇಕು ಎಳೆದು, ಬಾಗಿಲು ತೆಗೆದು, ಇಳಿದ. ಹಿಂದೆ ಹೋಗಿ ತಾಯಿಯ ಕೈ ಹಿಡಿದು ಪಕ್ಕಕ್ಕೆ ಸರಿಸಿದ.

"ನೀ ಬ್ಯಾಡಮ್ಮ. ನಾ ದೂಡ್ತೀನಿ."

"ಇಳದೇನೋ ಇಳದಿ," ಎಂದ ಭೀಮಶ್ಯಾ, "ಹೊಡಿಯೋರು ಯಾರು? ನನಗ ಕಲ್ಲು ಹೇರೋದಷ್ಟೇ ಗೊತ್ತು."

ಹೊಡೆಯುವವರು ಸಿಗದೆ ಎಲ್ಲರೂ ಬಹಳ ಹೊತ್ತು ರಸ್ತೆಯ ಬದಿಗೆ ಕೂತರು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಬುರ್ಖಾದ ಹೆಂಗಸೊಬ್ಬಳು ತಲೆಯ ಮೇಲೆ ಪೆಟ್ಟಿಗೆ ಹೊತ್ತು ಸರಸರ ಏರು ಹತ್ತಿ ಬಂದಳು. ಮಾಳಿಗೆಯ ಮೇಲಿಂದ ಎಲ್ಲ ಕಾಣಿಸುತ್ತದೆ. ಗಂಡ ಸೀಟು ಬಿಟ್ಟು ಇಳಿದದ್ದೂ ಕಂಡಿತ್ತು. ಪೆಟ್ಟಿಗೆಯನ್ನು ಭೀಮಶ್ಯಾನ ಕೈಗೆ ಕೊಟ್ಟಳು. ಸೀದಾ ಮುಂದೆ ಹೋಗಿ, ಸ್ಟೀರಿಂಗಿನ ಹಿಂದೆ ಕುಳಿತು, ಬಾಗಿಲು ಧಡ್ ಎಂದು ಹಾಕಿಕೊಂಡಳು.

"ಎಡಕ್ಕ ದೂಡ್ರಿ!" ಕಿಟಕಿಯಿಂದ ದನಿ ಬಂತು. "ಇನ್ನ ಜೋರ! ಹಲ್ವಾ ತಿಂದಿಲ್ಲೇನು?"

ಮಶಾಕ ಎದೆ ಕೊಟ್ಟು ದೂಡಿದ. ಜೈತುನ್‌ಬೀ ಒತ್ತಿದಳು. ಹೊಗೆಯ ಕೊಳವೆ ಸರಿಯಾಗಿ ಅವನ ಮೊಣಕಾಲ ಹತ್ತಿರ ಇತ್ತು. ಲಾರಿ ನಾಜಲ್ಲಿನ ಅಷ್ಟೂ ಖುಷಿ ಅವನ ಬಿಳಿ ಶೇರ್ವಾನಿಯ ಮೇಲೆ, ಮೂಗಿನಲ್ಲಿ, ಬಾಯಲ್ಲಿ ಇಳಿಯಿತು. ಅಮೀರ್ ಅಲಿಯನ್ನು ನೆನೆಸಿ ಅವನು ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಗಾಡಿ ತೆವಳಿತು, ಹೊರಳಿತು, ದಿಬ್ಬದ ತಲೆ ಹತ್ತಿತು. ಹತ್ತಿ ನಿಲ್ಲಲಿಲ್ಲ.

"ಏ, ನಿಂದ್ರಿಸು! ನಿಂದ್ರಿಸು!" ಎನ್ನುತ್ತ ಮಶಾಕ ಹಿಂದೆ ಓಡಿದ.

"ನಿಂದ್ರಿಸಿದ್ರ ಮತ್ತ ಎಬ್ಬಸೋರು ಯಾರ್ರಿ?"

ಇಳುಕಲು ಶುರುವಾಗುವಲ್ಲಿ, ದೊಡ್ಡ ಜಾಲಿಯ ಕೆಳಗೆ ಗಾಡಿ ನಿಂತಿತ್ತು. ಏರುಸಿರು ಬಿಡುತ್ತ ಮಶಾಕ ಮುಟ್ಟಿದಾಗ ಕಿಟಕಿಯಿಂದ ಮೆಹೆಂದಿ ಮಾಸಿದ ಕೈಯೊಂದು ಹೊರಬಂದು ಎರಡು ಬೆರಳು ಚಾಚಿತು.

"ಒಂದ್ ಬೀಡಿ ಕೊಡ್ರಿ," ಎಂದಳು ಜೈತುನ್‌ಬೀ. "ಡ್ರೈವರ್ ಕೆಲಸ ಭಾಳ ತ್ರಾಸದ್ದು."

ಮಶಾಕ ಜೇಬಿನಿಂದ ಬೀಡಿಕಟ್ಟು ತೆಗೆದು ಅವಳ ಅಂಗೈಗೆ ಇಟ್ಟ. ಅವಳು ಅದನ್ನು ಜಾಲಿಯ ಪೊದೆಗೆ ಎಸೆದಳು. ಅವನು ಸುತ್ತು ಹಾಕಿ ಆಚೆ ಬಾಗಿಲಿಗೆ ಹೋಗಿ ಕಾದು ನಿಂತ. ಎಲ್ಲರಿಗಿಂತ ಹಿಂದೆ ಉಳಿದಿದ್ದ ಬಿಬಿಜಾನ್ ಸಾವಕಾಶ ನಡೆದು ಬಂದಳು, ಅವನನ್ನು ಸರಿಸಿ, ಸೊಸೆಯ ಪಕ್ಕದ ಸೀಟಿನಲ್ಲಿ ಕುಳಿತಳು.

"ಹಿಂದ ಹತ್ತಪ್ಪಾ ಶೇರ್," ಎಂದಳು.