ಮುಕ್ಕಾಲಿಯ ಮೂರನೆಯದು

ಲಾಂಡ್ರಿಯ ಮಹಡಿಯ ಮೇಲೆ ಒಣಹಾಕಿದ ಬಿಳಿ ಹಾಸುಗಳ ನಡುವೆ ನಿಂತು ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಬೀದಿಗೆಲ್ಲ ಅವಳು ಲಾಂಡ್ರಿ ಅಕ್ಕ. ಆ ಕಡೆ ಮಾತಾಡುತ್ತಿದ್ದವನು ವಿಮಾನ ನಿಲ್ದಾಣದ ಎಂಜಿನ್ ಮೇಸ್ತ್ರಿ.

"ಅಕ್ಕಾ, ಒಂದು ವಾರದಿಂದ ಮೂರನೇ ಎಂಜಿನ್ ಬಿಚ್ಚಿ ಬಿಚ್ಚಿ ನೋಡ್ತಾ ಇದೀನಿ. ಎಣ್ಣೆ ಎಲ್ಲೂ ಸೋರ್ತಿಲ್ಲ. ಎರಡು ಸಲ ಓಡಿಸಿದೆ, ಹೊಗೆಯೂ ಇಲ್ಲ. ನೀವು ನಿಜವಾಗ್ಲೂ ನೋಡಿದ್ರಾ?"

"ನೋಡಿದೆ ಮೇಸ್ತ್ರಿಗಳೇ. ವಿಮಾನ ಇಳಿದು ನಿಂತು ಎಂಜಿನ್ ಆರಿಸಿದ ಹೊತ್ತಿಗೆ. ಮೂರನೆಯದರಿಂದಲೇ, ನೀಲಿ ಹೊಗೆ."

"ನೋಡಿ, ನೀವು ಹೇಳಿದ್ದು ದೂರು ಪುಸ್ತಕಕ್ಕೆ ಏರಿಬಿಟ್ಟಿದೆ. ಕಾರಣ ಸಿಗದೆ ನಾನು ಸಹಿ ಹಾಕೋ ಹಾಗಿಲ್ಲ. ಸಹಿ ಇಲ್ಲದೆ ಅದು ಹಾರೋ ಹಾಗಿಲ್ಲ. ಶನಿವಾರ ಸಂಜೆಗೆ ಹಾರೋ ಪರವಾನಗಿ ಮುಗಿಯತ್ತೆ. ಸೋಮವಾರ ಅದನ್ನು ಕತ್ತರಿಸೋಕೆ ಗರಗಸದವರು ಬರ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ ಅಕ್ಕಾ."

ಅಕ್ಕ ಫೋನು ಇಟ್ಟು ಬೆರಳು ಮಡಿಸಿ ಎಣಿಸಿದಳು. ಇಂದು ಗುರುವಾರ. ನಡುವೆ ಉಳಿದದ್ದು ಎರಡೇ ದಿನ.

ಹಾರಬೇಕಾಗಿದ್ದದ್ದು ಮೂರು ಎಂಜಿನ್ನಿನ ಹಳೆಯ ವಿಮಾನ. ರೆಕ್ಕೆಗಳ ಕೆಳಗೆ ಒಂದೊಂದು ಎಂಜಿನ್, ಬಾಲದ ಬುಡದಲ್ಲಿ, ಎತ್ತರದಲ್ಲಿ, ಇನ್ನೊಂದು. ಮಹಡಿಯವರ ಬಾಯಲ್ಲಿ ಅದು ಮುಕ್ಕಾಲಿ. ಒಂದು ಕಾಲಕ್ಕೆ ದಿನಕ್ಕೆ ಹನ್ನೆರಡು ಮುಕ್ಕಾಲಿಗಳು ಈ ಮಹಡಿಯ ಮೇಲೆ ಹಾದು ಹೋಗುತ್ತಿದ್ದವು. ಜನರನ್ನು ಹೊತ್ತವು ಮೊದಲು ನಿಂತವು, ಸಾಮಾನು ಹೊತ್ತವು ಆಮೇಲೆ. ಈಗ ಉಳಿದದ್ದು ಇದೊಂದೇ. ದೂರದ ಊರಿನ ವಿಮಾನ ಶಾಲೆಯವರು ಇದನ್ನು ಕೇಳಿದ್ದರು. ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲಿ ಅಂತ. ಆದರೆ ಅಷ್ಟು ದೊಡ್ಡದನ್ನು ರಸ್ತೆಯಲ್ಲಿ ಸಾಗಿಸುವ ಹಾಗಿಲ್ಲ. ತಾನೇ ಹಾರಿ ಬಂದು ಶಾಲೆಯ ರನ್‌ವೇ ಪಟ್ಟಿಯ ಮೇಲೆ ಇಳಿದರೆ ಉಳಿಯಿತು, ಇಲ್ಲದಿದ್ದರೆ ತಗಡು.

ಅಕ್ಕನಿಗೂ ಮುಕ್ಕಾಲಿಗೂ ಗುರುತಾದದ್ದು ಜಗಳದಿಂದ. ಮೂವತ್ತು ವರ್ಷದ ಹಿಂದೆ, ಹೊಸದಾಗಿ ಲಾಂಡ್ರಿ ತೆರೆದಾಗ, ಒಗೆದು ಹರವಿದ ಹಾಸುಗಳ ಮೇಲೆ ಸಣ್ಣ ಸಣ್ಣ ಕರಿ ಚುಕ್ಕೆ ಬೀಳುತ್ತಿತ್ತು. ಯಾವ ವಿಮಾನದ ಮಸಿ ಎಂದು ಹಿಡಿದು ದೂರು ಕೊಡಬೇಕೆಂದು ಅವಳು ನೋಟ್‌ಬುಕ್ ಇಟ್ಟಳು. ಹೊತ್ತು, ಬಾಲದ ಮೇಲಿನ ನಂಬರು, ಯಾವ ಎಂಜಿನ್ನಿನ ಹೊಗೆ, ಎಲ್ಲ ಬರೆದಳು. ದೂರು ಕೊಡಲೇ ಇಲ್ಲ. ಬರೆಯುತ್ತ ಬರೆಯುತ್ತ ಯಾವಾಗ ಕಣ್ಣು ಅದಕ್ಕೆ ಅಂಟಿತೋ ಅವಳಿಗೇ ತಿಳಿಯದು. ನೋಟ್‌ಬುಕ್ಕುಗಳು ಇಪ್ಪತ್ತಾರಾದವು. ಆ ಕಣ್ಣಿನ ಸುದ್ದಿ ಬೇಲಿಯಾಚೆಗೂ ಮುಟ್ಟಿ, ಮೇಸ್ತ್ರಿ ಆಗಾಗ ಫೋನು ಮಾಡಿ "ಏನಾದ್ರೂ ಕಂಡ್ರೆ ಹೇಳಿ" ಅನ್ನುವಷ್ಟಾಗಿತ್ತು.

ಈಗ ಆ ಕಣ್ಣೇ ಮುಕ್ಕಾಲಿಯ ಕುತ್ತಿಗೆಗೆ ಬಂದಿತ್ತು.

ಸಂಜೆ ಮಹಡಿಗೆ ಎಂದಿನ ಇಬ್ಬರು ಹತ್ತಿ ಬಂದರು. ಅಂಚೆ ಇಲಾಖೆಯಿಂದ ನಿವೃತ್ತನಾದ ಪೋಸ್ಟ್ ಮಾಮ ದುರ್ಬೀನು ಹಿಡಿದು, ಹಲ್ಲಿನ ಡಾಕ್ಟರು ಕ್ಯಾಮೆರಾ ಹೊತ್ತು. ಅಕ್ಕನ ತಂಗಿ ಕೆಳಗಿನ ಇಸ್ತ್ರಿ ಮೇಜಿನಿಂದ ಚಹಾ ತಂದಳು. ಅವಳಿಗೆ ವಿಮಾನ ಅಂದರೆ ಅಷ್ಟಕ್ಕಷ್ಟೆ.

"ನಾಲ್ಕು ಎಂಜಿನ್ ಇದ್ರೆ ಪೂರ್ತಿ ವಿಮಾನ. ಮೂರು ಇದ್ರೆ ಮುಕ್ಕಾಲಿ ಅಲ್ಲ, ಮುಕ್ಕಾಲು!" ಎಂದು ಅವಳು ಸಾವಿರದ ಒಂದನೆಯ ಸಲ ಹೇಳಿದಳು. ಇಂದು ಯಾರೂ ನಗಲಿಲ್ಲ.

ಅಕ್ಕ ಮೇಸ್ತ್ರಿಯ ಮಾತನ್ನೆಲ್ಲ ಹೇಳಿದಳು. ಡಾಕ್ಟರು ಕ್ಯಾಮೆರಾ ಕೆಳಗಿಟ್ಟರು.

"ಅದರ ಕಾಲ ಮುಗೀತು ಬಿಡಿ," ಎಂದರು. "ಮೊದಲು ಎರಡೇ ಎಂಜಿನ್ನಲ್ಲಿ ಸಮುದ್ರ ದಾಟೋಕೆ ಹೆದರ್ತಿದ್ರು, ಅದಕ್ಕೆ ಮೂರನೆಯದು. ಈಗಿನ ಎಂಜಿನ್ ಒಂದೊಂದೂ ಆನೆ. ಎರಡು ಸಾಕು. ಬಾಲದ್ದು ಬುದ್ಧಿಹಲ್ಲಿನ ಹಾಗೆ. ಗಟ್ಟಿಯಾಗೇ ಇರತ್ತೆ, ಆದ್ರೆ ಎಲ್ಲರೂ ಬಂದು ಕಿತ್ತುಹಾಕಿ ಅಂತಾರೆ."

"ನಿಮಗೆ ಎಲ್ಲಿ ನೋಡಿದ್ರೂ ಹಲ್ಲೇ," ಎಂದು ಪೋಸ್ಟ್ ಮಾಮ ರೇಗಿದ. "ಅದರ ಸದ್ದು ನೆನೆಸ್ಕೊಳ್ಳಿ ಸ್ವಾಮಿ! ಎರಡೆಂಜಿನ್ನಿಂದು ಹೋಗ್ತಾ ಇದ್ರೆ ಫ್ಯಾನ್ ತಿರುಗಿದ ಹಾಗಿರತ್ತೆ. ಮುಕ್ಕಾಲಿ ಎದ್ರೆ ನನ್ನ ಸೈಕಲ್ಲಿನ ಬೆಲ್ ತಾನೇ ಹೊಡ್ಕೊಳ್ತಿತ್ತು. ಟಪಾಲು ಕೊಡೋದು ಬಿಟ್ಟು ಬಾಯಿ ತೆರೆದು ನಿಂತು ಬೈಸ್ಕೊಂಡಿದೀನಿ." ಆಮೇಲೆ ದನಿ ತಗ್ಗಿಸಿ ಅಕ್ಕನ ಕಡೆ ತಿರುಗಿದ. "ನೋಡು ತಾಯಿ, ಒಂದು ದಾರಿ ಇದೆ. ಮೇಸ್ತ್ರಿಗೆ ಫೋನ್ ಮಾಡು. ಕಣ್ಣು ತಪ್ಪಿತು, ಸಂಜೆ ಬಿಸಿಲಿಗೆ ಹಾಗೆ ಕಾಣ್ತು ಅನ್ನು. ದೂರು ವಾಪಸ್ಸು. ಅವನು ಸಹಿ ಹಾಕ್ತಾನೆ, ಅದು ಹಾರತ್ತೆ."

"ಹೌದು ಕಣೇ ಅಕ್ಕ," ಎಂದಳು ತಂಗಿ. "ಒಂದು ಮಾತು. ಯಾರ ಗಂಟು ಹೋಗತ್ತೆ?"

ಅಕ್ಕ ಒಣಗಿದ ಹಾಸೊಂದನ್ನು ಹಗ್ಗದಿಂದ ತೆಗೆದು, ತುದಿಗೆ ತುದಿ ಕೂಡಿಸಿ ಮಡಿಸಿದಳು. ಇನ್ನೊಂದನ್ನೂ ಮಡಿಸಿದಳು. ಮುಕ್ಕಾಲಿಯನ್ನು ಉಳಿಸಬೇಕೆಂಬ ಆಸೆ ಅವಳಿಗೂ ಇತ್ತು. ಒಂದು ಸುಳ್ಳು, ಅದೂ ಎಷ್ಟು ಚಿಕ್ಕದು.

"ಹೊಗೆ ಇತ್ತು ಮಾಮ," ಎಂದಳು ಕಡೆಗೆ. "ನೀಲಿ ಹೊಗೆ ಅಂದ್ರೆ ಒಳಗೆ ಎಣ್ಣೆ ಸೋರ್ತಾ ಇದೆ. ಒಳಗೆ ಮೂರು ಜನ ಕೂತು ಹಾರಿಸ್ತಾರೆ. ನಾನು ಇಲ್ಲ ಅಂದ ತಕ್ಷಣ ಸೋರೋದು ನಿಂತುಬಿಡತ್ತಾ?"

"ಹಾಗಾದ್ರೆ ಅದು ತಗಡಾಗ್ಲಿ," ಎಂದ ಮಾಮ, ಮುನಿಸಿನಿಂದ.

"ತಗಡೂ ಆಗಬಾರದು. ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ. ಎಲ್ಲಿಂದ ಹೊಗೆ ಬಂತು ಅಂತ ಬೆರಳಿಟ್ಟು ತೋರಿಸ್ತೀನಿ."

ತಂಗಿ ಮೂಗು ಮುರಿದಳು. "ಮೇಸ್ತ್ರಿಗೆ ಎಂಜಿನ್ ತೋರಿಸೋಕೆ ಹೊರಟ್ಲು ನಮ್ಮ ಲಾಂಡ್ರಿ ಇಂಜಿನಿಯರು!"

ಶುಕ್ರವಾರ ಬೆಳಿಗ್ಗೆ ಗೇಟಿನ ಕಾವಲುಗಾರ ಅಕ್ಕನ ಎದೆಗೆ ಚೀಟಿ ಸಿಕ್ಕಿಸಿ ಒಳಗೆ ಬಿಟ್ಟ. ಮೂವತ್ತು ವರ್ಷ ಬೇಲಿಯ ಈಚೆಯಿಂದ ನೋಡಿದವಳು ಮೊದಲ ಸಲ ಬೇಲಿ ದಾಟಿದಳು. ಶೆಡ್ಡಿನೊಳಗೆ ಮುಕ್ಕಾಲಿ ನಿಂತಿತ್ತು. ಮಹಡಿಯಿಂದ ಬೆರಳಿನ ಉದ್ದ ಕಾಣುತ್ತಿದ್ದದ್ದು ಇಲ್ಲಿ ಬೀದಿಯಷ್ಟು ಉದ್ದ. ಅದರ ಚಕ್ರವೇ ಅವಳ ಎದೆಯ ಮಟ್ಟಕ್ಕಿತ್ತು. ಹೊಟ್ಟೆಯ ಬಣ್ಣ ಅಲ್ಲಲ್ಲಿ ಎದ್ದು, ತೇಪೆ ಹಾಕಿದ ಹಾಸಿನ ಹಾಗಿತ್ತು.

ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ನಿದ್ದೆ ಕಂಡಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. "ಬನ್ನಿ ಅಕ್ಕಾ. ತೋರಿಸ್ತೀನಿ ಅಂತ ರಾತ್ರಿ ಫೋನಲ್ಲಿ ಅಂದ್ರಲ್ಲ, ತೋರಿಸಿ ನೋಡೋಣ. ಇಗೋ ನಿಮ್ಮ ಮೂರನೆಯದು."

ಎಂದವನೇ ಸರಸರನೆ ಬಲ ರೆಕ್ಕೆಯ ಕೆಳಗೆ ನಡೆದ. ಅಲ್ಲಿ ಎಂಜಿನ್ನಿನ ಮುಚ್ಚಳ ತೆರೆದಿತ್ತು. ಕೊಳವೆಗಳು, ತಂತಿಗಳು, ಕೆಳಗೆ ಹಾಸಿದ ಬಟ್ಟೆಯ ಮೇಲೆ ಸಾಲಾಗಿಟ್ಟ ನಟ್ಟುಬೋಲ್ಟು.

ಅಕ್ಕ ಅಲ್ಲೇ ನಿಂತುಬಿಟ್ಟಳು.

"ಮೇಸ್ತ್ರಿಗಳೇ, ಇದು ಎರಡನೆಯದಲ್ವಾ?"

"ಏನು?"

"ಇದ್ಯಾಕೆ ಬಿಚ್ಚಿದ್ರಿ? ನಾನು ಹೇಳಿದ್ದು ಮೂರನೆಯದು." ಅವಳು ಕೈಯೆತ್ತಿ ಹಿಂದಕ್ಕೆ, ಮೇಲಕ್ಕೆ ತೋರಿಸಿದಳು. ಬಾಲದ ಬುಡದಲ್ಲಿ ಕತ್ತಲ ಬಾಯಿ ತೆರೆದುಕೊಂಡು ಕೂತಿದ್ದ ಎಂಜಿನ್ನನ್ನು.

ಮೇಸ್ತ್ರಿ ಬಾಲವನ್ನು ನೋಡಿದ. ಅಕ್ಕನನ್ನು ನೋಡಿದ. ಮತ್ತೆ ಬಾಲವನ್ನು ನೋಡಿದ.

"ಅಕ್ಕಾ," ಎಂದ, ಬಲು ನಿಧಾನವಾಗಿ, "ನೀವು ಎಂಜಿನ್ ಹೇಗೆ ಎಣಿಸ್ತೀರಿ?"

"ಎಲ್ಲರೂ ಎಣಿಸೋ ಹಾಗೆ. ಈ ರೆಕ್ಕೆದು ಒಂದು, ಆ ರೆಕ್ಕೆದು ಎರಡು, ಕೊನೆಗಿರೋದು ಮೂರು."

"ನಾವು ಎಡದಿಂದ ಬಲಕ್ಕೆ ಎಣಿಸ್ತೀವಿ ಅಕ್ಕಾ! ಎಡ ರೆಕ್ಕೆ ಒಂದು. ಬಾಲ ನಡುವೆ ಇದೆ, ಅದು ಎರಡು. ಬಲ ರೆಕ್ಕೆ ಮೂರು. ಪ್ರಪಂಚದಲ್ಲೆಲ್ಲ ಹಾಗೇ!"

ಇಪ್ಪತ್ತಾರು ನೋಟ್‌ಬುಕ್ಕುಗಳ ಪುಟಪುಟವೂ ಅಕ್ಕನ ಕಣ್ಣ ಮುಂದೆ ಬಂತು. ಎಲ್ಲದರಲ್ಲೂ ಬಾಲ ಮೂರನೆಯದು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೇಸ್ತ್ರಿಯ ಒಂದು ವಾರ, ಅವನ ನಿದ್ದೆ, ಮುಕ್ಕಾಲಿಯ ಜೀವ, ಎಲ್ಲವನ್ನೂ ತಾನು ಒಂದು ಎಣಿಕೆಯಲ್ಲಿ ಮುಳುಗಿಸಿದ್ದಳು.

"ತಪ್ಪಾಯ್ತು," ಎಂದಳು. "ನನ್ನ ತಪ್ಪೇ. ನಾನು ಬಾಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಮೇಸ್ತ್ರಿ ಬೈಯುತ್ತಾನೆ ಎಂದು ಅವಳು ಕಾದಳು. ಅವನು ಹೊಟ್ಟೆ ಹಿಡಿದುಕೊಂಡು ಅಲ್ಲೇ ಪೆಟ್ಟಿಗೆಯ ಮೇಲೆ ಕುಸಿದು ನಗತೊಡಗಿದ. "ಎರಡು ಸಲ ಮೂರನ್ನೂ ಓಡಿಸಿದೆ! ಕಣ್ಣು ಮಿಟುಕಿಸದೆ ಬಲಗಡೆಯದನ್ನೇ ನೋಡ್ತಾ ನಿಂತಿದ್ದೆ. ಹಿಂದೆ ಬಾಲದ್ದು ಹೊಗೆ ಬಿಟ್ಟು ನನ್ನ ನೋಡಿ ನಕ್ಕಿರಬೇಕು!" ಆಮೇಲೆ ದಿಗ್ಗನೆ ಎದ್ದ. "ಅಲ್ಲ, ನೀವು ಹೇಳದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ. ರೆಕ್ಕೆಯದು ಕಿಟಕಿಯಿಂದ ಕಾಣತ್ತೆ. ಬಾಲದ್ದು ಒಳಗಿನ ಯಾವ ಕಿಟಕಿಗೂ ಕಾಣಲ್ಲ. ಲೋ, ದೊಡ್ಡ ಏಣಿ ತನ್ನಿ ಕಣ್ರೋ!"

ಏಣಿ ಬಂತು. ಮೇಸ್ತ್ರಿ ಹತ್ತಿ ಬಾಲದ ಮುಚ್ಚಳ ತೆರೆದು ಸೊಂಟದವರೆಗೆ ಒಳಗೆ ತೂರಿದ. ಅವನ ಬೂಟುಗಳಷ್ಟೇ ಕಾಣುತ್ತಿದ್ದವು. ಅಕ್ಕ ಕೆಳಗೆ ಕತ್ತು ನೋಯುವ ತನಕ ನಿಂತಿದ್ದಳು. ಒಂದು ಗಂಟೆಯಾದ ಮೇಲೆ ಆ ಬೂಟುಗಳು ಕುಣಿದವು. ಅವನು ಕೆಳಗಿಳಿದು ಅಂಗೈ ತೆರೆದ. ಎಣ್ಣೆಯಲ್ಲಿ ತೊಯ್ದ ಸಣ್ಣ ರಬ್ಬರು ಬಳೆ, ಒಂದು ಕಡೆ ಸೀಳಿತ್ತು. ಪ್ರೆಷರ್ ಕುಕ್ಕರಿನ ರಬ್ಬರಿಗಿಂತ ದೊಡ್ಡದಿರಲಿಲ್ಲ.

"ಇಷ್ಟೇನಾ?"

"ಇಷ್ಟೇ. ಆದ್ರೆ ಹಾರ್ತಾ ಹಾರ್ತಾ ಪೂರ್ತಿ ಹರಿದಿದ್ರೆ ಎಣ್ಣೆಯೆಲ್ಲ ಸುರಿದು ಹೋಗ್ತಿತ್ತು. ನಿನ್ನೆ ನೀವು ಕಣ್ಣು ತಪ್ಪಿತು ಅಂದಿದ್ರೆ ನಾನು ಖುಷಿಯಾಗಿ ಸಹಿ ಹಾಕ್ತಿದ್ದೆ." ಅವನು ನಗುವುದನ್ನು ನಿಲ್ಲಿಸಿದ್ದ. "ಹೊಸ ರಬ್ಬರು ಉಗ್ರಾಣದಲ್ಲಿದೆ. ಇಲ್ಲೇ ಓಡಿಸಿ ನೋಡಿ, ಹಾರೋಕೆ ಸಹಿ ಹಾಕ್ತೀನಿ. ಆದ್ರೂ ಹಾರಿ ಇಳಿದ ಮೇಲೆ ಬಿಸಿ ಎಂಜಿನ್ ಆರಿಸುವಾಗ ಹೇಗಿದೆ ಅಂತ ಯಾರಾದ್ರೂ ಹಿಂದಿನಿಂದ ನೋಡಬೇಕು. ಆಗಲೇ ಕೊನೆಯ ಸಹಿ ಹಾಕಿ ದೂರು ಮುಚ್ಚೋದು, ಆಗಲೇ ಶಾಲೆಯವರು ಒಪ್ಪಿಸಿಕೊಳ್ಳೋದು. ನಾಳೆ ನಮ್ಮ ವ್ಯಾನು ಬೆಳಿಗ್ಗೆ ಆರಕ್ಕೆ ಹೊರಡತ್ತೆ. ನೀವು ಬರ್ತೀರಿ."

"ನಾನ್ಯಾಕೆ? ನಿಮ್ಮ ಜನ ಇಲ್ವಾ?"

"ನನ್ನ ಜನಕ್ಕೆ ಎಣಿಸೋಕೆ ಬರತ್ತೆ. ನೋಡೋಕೆ ಬರಲ್ಲ."

ಮಹಡಿಗೆ ಸುದ್ದಿ ಮುಟ್ಟಿದಾಗ ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. "ನನಗೆ ಗೊತ್ತಿತ್ತು! ಪುಸ್ತಕದಲ್ಲಿ ಓದಿದ್ದೆ! ಆದ್ರೆ ಈ ಮೆಟ್ಟಿಲು ಹತ್ತಿದ್ರೆ ನಾಲಿಗೆಗೆ ನಿಮ್ಮ ಮಹಡಿ ಲೆಕ್ಕವೇ ಬರತ್ತೆ!" ಪೋಸ್ಟ್ ಮಾಮ ಅಕ್ಕನ ಮುಂದೆ ಎರಡೂ ಕೈ ಜೋಡಿಸಿದ. ತಾನು ಕೊಟ್ಟ ಸಲಹೆ ನೆನೆದು ಅವನ ಮುಖ ಸುಣ್ಣವಾಗಿತ್ತು. ತಂಗಿ ಮಾತ್ರ, "ನಾನೂ ವ್ಯಾನಿಗೆ ಬರ್ತೀನಿ. ಇವಳು ಅಲ್ಲಿ ಇನ್ನೇನು ತಲೆಕೆಳಗು ಎಣಿಸ್ತಾಳೋ," ಎಂದಳು.

ಶನಿವಾರ ಮಧ್ಯಾಹ್ನ ಶಾಲೆಯ ಪಟ್ಟಿಯ ಅಂಚಿನಲ್ಲಿ ಮುನ್ನೂರು ವಿದ್ಯಾರ್ಥಿಗಳು ನೀಲಿ ಅಂಗಿಯಲ್ಲಿ ನಿಂತಿದ್ದರು. ಹುಟ್ಟಿದಾಗಿನಿಂದ ಎರಡೆಂಜಿನ್ನಿನವನ್ನೇ ನೋಡಿ ಬೆಳೆದವರು. ಮೊದಲು ಸದ್ದು ಬಂತು. ನೆಲದ ಒಳಗಿನಿಂದ ಬಂದ ಹಾಗೆ, ಅಂಗಾಲಿಗೆ ಮೊದಲು, ಕಿವಿಗೆ ಆಮೇಲೆ. ಹರಟೆ ತಟ್ಟನೆ ನಿಂತಿತು. ಬೆಟ್ಟದ ಮೇಲಿಂದ ಮುಕ್ಕಾಲಿ ಕಾಣಿಸಿಕೊಂಡಿತು. ಬಾಲವನ್ನು ಎತ್ತಿಕೊಂಡು, ಮೂರೂ ಎಂಜಿನ್ನನ್ನು ಒಟ್ಟಿಗೆ ಮೊಳಗಿಸುತ್ತ, ಮನೆಯ ಯಜಮಾನಿ ಅಂಗಳಕ್ಕೆ ಬಂದ ಹಾಗೆ ಬಂತು. ಚಕ್ರ ನೆಲ ಮುಟ್ಟಿದಾಗ ಧೂಳು ಎದ್ದು ಬೇಲಿ ಮುಚ್ಚಿತು. ಮಕ್ಕಳು ಕಿರುಚಿದರು.

ಅಕ್ಕ ಕಿರುಚಲಿಲ್ಲ. ಮೇಸ್ತ್ರಿ ತೋರಿಸಿದ ಗೆರೆಯ ಈಚೆ, ವಿಮಾನದ ಹಿಂದೆ ಓರೆಯಾಗಿ ನಿಂತು ಕಣ್ಣನ್ನು ಬಾಲಕ್ಕೆ ನೆಟ್ಟಿದ್ದಳು. ವಿಮಾನ ತಿರುಗಿ ನಿಂತಿತು. ಎಡ ರೆಕ್ಕೆಯದು ಆರಿತು. ಬಲ ರೆಕ್ಕೆಯದು ಆರಿತು. ಬಾಲದ್ದು ಇನ್ನೂ ಮೊಳಗುತ್ತಿತ್ತು. ಮೇಸ್ತ್ರಿ ದೂರು ಪುಸ್ತಕ ಕಂಕುಳಲ್ಲಿ ಹಿಡಿದು ಎಂಜಿನ್ ನೋಡುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

ಬಾಲದ್ದೂ ಆರಿತು. ಸದ್ದು ಇಳಿಯುತ್ತ ಇಳಿಯುತ್ತ ನೀಳ ಉಸಿರಾಯಿತು. ಅವಳು ಕಾದಳು. ಹೊಗೆ ಬರುವುದಿದ್ದರೆ ಈಗಲೇ. ಕತ್ತಲ ಬಾಯಿಯ ಮೇಲಿನ ಗಾಳಿ ಬಿಸಿಗೆ ನಡುಗಿತು, ಅಷ್ಟೆ. ಅದರ ಹಿಂದಿನ ಆಕಾಶ ಈಗ ತಾನೇ ಹಿಂಡಿ ಹರವಿದ ಹಾಸಿನ ಹಾಗೆ ಸ್ವಚ್ಛವಾಗಿತ್ತು. ಇನ್ನೂ ಒಂದು ನಿಮಿಷ ನೋಡಿದಳು. ಕಣ್ಣಲ್ಲಿ ನೀರು ಬಂದರೂ ರೆಪ್ಪೆ ಹಾಕಲಿಲ್ಲ.

"ಶುದ್ಧವಾಗಿದೆ," ಎಂದಳು.

ಮಕ್ಕಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಎದೆ ತುಂಬ ಗಾಳಿ ಎಳೆದುಕೊಂಡು, ಲಾಂಡ್ರಿಯ ಯಂತ್ರಗಳ ಗದ್ದಲದ ಮೇಲೆ ಕೂಗಿ ಪಳಗಿದ ಗಂಟಲಿನಿಂದ ಕೂಗಿದಳು.

"ಒಂದೆಳೆ ಹೊಗೆ ಇಲ್ಲ ಮೇಸ್ತ್ರಿಗಳೇ! ಹಾಕಿ ಸಹಿ!"

ಮುನ್ನೂರು ಜನ ಒಟ್ಟಿಗೆ ಕೂಗಿದರು. ಮೇಸ್ತ್ರಿ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಸಹಿ ಮಾಡಿದ. ಪೆನ್ನು ಕಾಗದ ಹರಿಯುವಷ್ಟು ಒತ್ತಿ. ತಂಗಿ ಪಕ್ಕದಲ್ಲಿದ್ದ ಹುಡುಗಿಯ ಭುಜ ಹಿಡಿದು ಅಲುಗಾಡಿಸುತ್ತ, "ನಮ್ಮಕ್ಕ! ಅವಳು ನಮ್ಮಕ್ಕ ಕಣಮ್ಮಾ!" ಎನ್ನುತ್ತಿದ್ದಳು. ಮುಂದಿನ ಸಣ್ಣ ಕಿಟಕಿ ಸರಿಯಿತು. ಪೈಲಟ್ಟು ತಲೆ ಹೊರಗೆ ಹಾಕಿ, ಹಿಂದೆ ಏನಾಯಿತೆಂದು ಕಾಣದೆ, ಕೈಸನ್ನೆಯಲ್ಲಿ ಕೇಳಿದ. ಅಕ್ಕ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿ ಹಿಡಿದಳು.