ತಳ ಕಂಡ ಹೊಳೆ

“ಹತ್ತೇ ಮೇಲಕ್ಕೆ, ಮುದಿ ಎಮ್ಮೆ! ಹೊಳೆ ಏನು ನಿಮ್ಮಪ್ಪ ತೋಡಿಸಿದ್ದಾ?”

ಕಾವಲುಗಾರ ಬೂಟುಗಾಲಿನಿಂದ ಒದ್ದ ರಭಸಕ್ಕೆ ಬಕೆಟ್ಟು ಉರುಳಿ, ಮುದುಕಿ ಆಗಷ್ಟೇ ಹಿಂಡಿಟ್ಟಿದ್ದ ಬಟ್ಟೆಗಳೆಲ್ಲ ಕೆಸರು ತಿಂದವು. ಮೊಣಕಾಲುದ್ದ ನೀರಲ್ಲಿ ನಿಂತಿದ್ದ ಅವಳು ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು.

“ಬಟ್ಟೆ ಒಗೀತಿದೀನಿ ಕಣೋ ಬೋಳಿಮಗನೇ, ನಿನ್ನ ಹೆಣ ಒಗೀತಿಲ್ಲ. ಯಾಕಿಂಗೆ ಮೈಮೇಲೆ ಬರ್ತೀಯ?”

ದಂಡೆಯ ಮೇಲೆ ಕಾರ್ಖಾನೆಯ ಮ್ಯಾನೇಜರು ನಿಂತಿದ್ದ. ಅವನ ಪಕ್ಕ, ಅವತ್ತಿನ ಪರಿಸರ ಜಾಗೃತಿ ಶಿಬಿರಕ್ಕೆ ಪಾಠ ಹೇಳಲು ಪೇಟೆಯಿಂದ ಬಂದಿದ್ದ ಮೇಡಂ. ಮೇಡಂ ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ಅವತ್ತು ಹೊಳೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

“ನೋಡಿ, ನಾನು ಹೇಳ್ತಿದ್ದಿದ್ದು ಇದನ್ನೇ,” ಎಂದಳು ಮೇಡಂ. “ಅರಿವೇ ಇಲ್ಲ. ಕುಡಿಯೋ ನೀರಿಗೆ ಸೋಪು ಬೆರೆಸ್ತಾರೆ.”

“ಎಷ್ಟು ಬಡ್ಕೊಂಡ್ರೂ ಅಷ್ಟೇ ಮೇಡಂ, ಈ ಜನದ ಹಣೆಬರಹ,” ಎಂದ ಮ್ಯಾನೇಜರು. ಆಮೇಲೆ ಏನೋ ಹೊಳೆದವನಂತೆ ಕಾವಲುಗಾರನ ಕಡೆ ತಿರುಗಿ, “ಇವಳನ್ನ ಎಳ್ಕೊಂಡು ಬಾ. ಶಿಬಿರಕ್ಕೆ ಆಗ್ತಾಳೆ,” ಎಂದ.

ಗಲಾಟೆ ಕೇಳಿ ಮುದುಕಿಯ ಸೊಸೆ ಕಾರ್ಖಾನೆಯ ತೊಟ್ಟಿಯ ಕಡೆಯಿಂದ ಓಡಿಬರುವಷ್ಟರಲ್ಲಿ ಅತ್ತೆಯ ರಟ್ಟೆ ಕಾವಲುಗಾರನ ಮುಷ್ಟಿಯಲ್ಲಿತ್ತು. ಬಿಡಿಸಲು ಕೈಹಾಕಿದವಳಿಗೆ ಮ್ಯಾನೇಜರು, “ನೀನು ಹೋಗಿ ನಿನ್ನ ಚಕ್ರ ಕಾಯಿ. ಕೆಲಸ ಬೇಕೋ ಬೇಡ್ವೋ?” ಎಂದ. ಅವಳ ಕೈ ತಾನಾಗಿ ಕೆಳಗಿಳಿಯಿತು. ಹಾಗೆ ಇಳಿದ ಕೈಯನ್ನು ಕಂಡು ಅವಳಿಗೇ ಅಸಹ್ಯವಾಯಿತು.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚಕ್ರದವಳು ಎಂದೇ ಕರೆಯುತ್ತಿದ್ದರು. ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಬಣ್ಣ ಹಾಕಿ ಉಳಿದ ನೀರೆಲ್ಲ ಅಂಗಳದ ಎತ್ತರದ ಮೂಲೆಯಲ್ಲಿದ್ದ ದೊಡ್ಡ ತೊಟ್ಟಿಗೆ ಬಂದು ಬೀಳುತ್ತಿತ್ತು. ಅದನ್ನು ಶುದ್ಧ ಮಾಡುವ ಯಂತ್ರವೂ ಪಕ್ಕದಲ್ಲೇ ಇತ್ತು. ಪರೀಕ್ಷೆಗೆ ಬಂದವರೆದುರು ಗುಂಯ್‌ಗುಟ್ಟುವುದಷ್ಟೇ ಅದರ ಕೆಲಸ. ಮಿಕ್ಕ ದಿನಗಳಲ್ಲಿ ತೊಟ್ಟಿಯ ಕಟ್ಟೆಯ ಮೇಲಿನ ಕಬ್ಬಿಣದ ಚಕ್ರ ತಿರುಗಿಸಿದರೆ ಮುಗಿಯಿತು, ಕೊಳವೆಯ ಬಾಯಿ ತೆರೆದು ನೀರು ಸೀದಾ ಹೊಳೆಗೆ. ಮೊದಲು ಆ ಚಕ್ರ ತಿರುಗಿಸುತ್ತಿದ್ದವನು ಅವಳ ಗಂಡ. ತಳದ ರಾಡಿ ಎತ್ತಲು ತೊಟ್ಟಿಗಿಳಿದವನು ಗಾಳಿ ಸಿಗದೆ ಅಲ್ಲೇ ಕವುಚಿಬಿದ್ದ. ಹೆಂಡತಿಗೆ ಅವನ ಕೆಲಸ ಕೊಟ್ಟು, ಅದೇ ಪರಿಹಾರ ಎಂದರು.

ಶಿಬಿರದ ನೆಪದಲ್ಲಿ ಸುಣ್ಣಬಣ್ಣ ಬಳಿಯಲೆಂದು ಕಾರ್ಖಾನೆ ಕೆಲವು ದಿನ ನಿಂತಿತ್ತು. ಚಕ್ರವೂ ನಿಂತಿತು. ಹೊಳೆ ಮೊದಲು ಕಂದಾಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು, ಅವತ್ತು ಬೆಳಿಗ್ಗೆ ನೋಡಿದರೆ ಗಾಜು. ನೀರು ತರಲು ಹೋದ ಅತ್ತೆ ಖಾಲಿ ಕೊಡ ಹಿಡಿದೇ ಏದುಸಿರು ಬಿಡುತ್ತ ವಾಪಸ್ಸು ಬಂದಿದ್ದಳು.

“ಏಯ್, ತಳ ಕಾಣ್ತದೆ ಕಣೇ! ಕಲ್ಲು ಕಾಣ್ತದೆ! ನನ್ನ ಕಾಲು ನಂಗೇ ಕಾಣ್ತು!”

ಸೊಸೆಯನ್ನು ಬೈಯದೆ ಅವಳು ಆಡಿದ ಮೊದಲ ಮಾತಿರಬೇಕು ಅದು. ಮನೆಯಲ್ಲಿದ್ದ ಹಾಸಿಗೆ, ಹೊದಿಕೆ, ಸತ್ತ ಮಗನ ಅಂಗಿ, ಎಲ್ಲವನ್ನೂ ಬಕೆಟ್ಟಿಗೆ ತುರುಕಿಕೊಂಡು, ಹುಡುಗಿಯ ಹಾಗೆ ದುಡುದುಡು ನಡೆದುಬಿಟ್ಟಿದ್ದಳು.

ಅಂಗಳದ ತಗ್ಗಿನಲ್ಲಿ ವೇದಿಕೆ ಕಟ್ಟಿದ್ದರು. ಕುರ್ಚಿಗಳ ಮೇಲೆ ಕಾರ್ಖಾನೆಯ ಧಣಿ, ಸರ್ಕಾರದ ಸಾಹೇಬರು, ಮೇಡಂ. ಎದುರಿಗೆ ನೆಲದ ಮೇಲೆ ಕೂಲಿಯವರು. ಬಾರದಿದ್ದವರಿಗೆ ಅವತ್ತಿನ ಕೂಲಿ ಇಲ್ಲ ಎಂದು ಮೇಸ್ತ್ರಿ ಮೊದಲೇ ಸಾರಿದ್ದ. ಸಾಹೇಬರಿಗೆ ತೋರಿಸಲೆಂದು ಒಳಗೆ ಯಂತ್ರಗಳನ್ನು ಮತ್ತೆ ಶುರು ಮಾಡಿದ್ದರು. ಅವತ್ತಿನ ಬಣ್ಣ ಕಡುಗೆಂಪು.

“ಪರಿಸರ ಅಂದ್ರೆ ತಾಯಿ,” ಎಂದು ಮೇಡಂ ಶುರು ಮಾಡಿದಳು. “ತಾಯಿ ಮೈಮೇಲೆ ಕಸ ಹಾಕ್ತೀರಾ? ಹೊಳೇಲಿ ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ನೀವೇ ನಿಮ್ಮ ಮಕ್ಕಳಿಗೆ ವಿಷ ಕುಡಿಸ್ತಾ ಇದೀರಿ. ನಿಮ್ಮ ಕೇರಿಯ ಮಕ್ಕಳ ಮೈತುಂಬ ಕಜ್ಜಿ. ಯಾಕೆ? ಯೋಚನೆ ಮಾಡಿದೀರಾ?”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಿದ್ದೋ ನಕ್ಕಿದ್ದೋ ಗೊತ್ತಾಗಲಿಲ್ಲ. ಮೇಸ್ತ್ರಿ ಆ ಕಡೆ ಕಣ್ಣು ಕೆಕ್ಕರಿಸಿದ.

ಆಮೇಲೆ ಮ್ಯಾನೇಜರು ಸನ್ನೆ ಮಾಡಿದ. ಕಾವಲುಗಾರ ಮುದುಕಿಯನ್ನು ವೇದಿಕೆಗೆ ಹತ್ತಿಸಿದ. ಒದ್ದೆ ಬಟ್ಟೆ ಕಾಲಿಗೆ ಅಂಟಿತ್ತು. ಅವಳ ಕೊರಳಿಗೆ ದಾರ ಕಟ್ಟಿದ ರಟ್ಟಿನ ಹಲಗೆಯೊಂದು ನೇತುಬಿದ್ದಿತ್ತು. ಓದು ಬಾರದ ಅವಳು ಅದನ್ನು ಬಗ್ಗಿ ನೋಡಿದಳು, ಕೂತವರ ಮುಖ ನೋಡಿದಳು.

“ಏನ್ ಬರ್ದವ್ರೋ ಇದರಾಗೆ? ಯಾರಾದ್ರೂ ಓದ್ರೋ!”

ಧಣಿ ನಗುತ್ತ ಮೈಕಿನಲ್ಲಿ ತಾನೇ ಓದಿದ: “‘ಹೊಳೆಯನ್ನು ಕೆಡಿಸಿದವಳು ನಾನು.’ ಅಷ್ಟೇ ಅಜ್ಜಿ. ಹೆದರ್ಬೇಡ, ಜೈಲಿಗೆ ಹಾಕಲ್ಲ. ಬೇರೆಯವರಿಗೆ ಒಂದು ಪಾಠ ಆಗ್ಲಿ ಅಂತ.”

ಫೋಟೋ ತೆಗೆಯುವವನು, “ಅಜ್ಜಿ, ಸ್ವಲ್ಪ ತಲೆ ಎತ್ತಿ,” ಎಂದ. ಮುದುಕಿ ಎತ್ತಲಿಲ್ಲ. ಬೆಳಗಾದರೆ ಕೇರಿಯ ನಾಯಿಯಿಂದ ಹಿಡಿದು ಆಕಾಶದವರೆಗೆ ಬೈಯುತ್ತಿದ್ದ ಬಾಯಿ ಅದು. ಈಗ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಕಾವಲುಗಾರ ಗದ್ದಕ್ಕೆ ಕೈಕೊಟ್ಟು ಮುಖ ಎತ್ತಿ ಹಿಡಿದ. ಫೋಟೋ ತೆಗೆದರು.

ಸೊಸೆ ಕೆಳಗೆ ಕೂಲಿಯವರ ನಡುವೆ ಕೂತಿದ್ದಳು. ಈ ಮುದುಕಿ ಅವಳಿಗೆ ಕೊಟ್ಟ ಕಾಟಕ್ಕೆ ಲೆಕ್ಕವಿರಲಿಲ್ಲ. ಎಷ್ಟೋ ಸಲ ಇವಳ ಬಾಯಿ ಬಿದ್ದುಹೋಗಬಾರದೇ ಎಂದುಕೊಂಡವಳೇ ಅವಳು. ಈಗ ಆ ಬಾಯಿ ಬಿದ್ದುಹೋಗಿದ್ದನ್ನು ನೋಡಲು ಆಗಲಿಲ್ಲ.

“ಎಲ್ಲರೂ ಎದ್ದು ನಿಂತು ಬಲಗೈ ಮುಂದೆ ಮಾಡಿ,” ಎಂದಳು ಮೇಡಂ. “ನಾನು ಹೇಳಿದ್ದನ್ನು ಹೇಳಿ. ಹೊಳೆಗೆ ಕೊಳಕು ಬಿಡುವುದಿಲ್ಲ.”

“ಹೊಳೆಗೆ ಕೊಳಕು ಬಿಡುವುದಿಲ್ಲ.”

“ಬಿಡುವವರನ್ನು ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ.”

ಜನ ಗೊಣಗಿದರು. ಚಕ್ರದವಳು ಮಾತ್ರ ಒಂದೊಂದು ಮಾತನ್ನೂ ಬಿಡಿಸಿ, ಗಟ್ಟಿಯಾಗಿ ಹೇಳಿದಳು. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಮೇಡಂಗೆ ಖುಷಿಯಾಯಿತು. “ನೋಡಿ, ಆ ತಾಯಿಯ ಉತ್ಸಾಹ ನೋಡಿ,” ಎಂದು ಚಪ್ಪಾಳೆ ತಟ್ಟಿಸಿದಳು.

ಚಪ್ಪಾಳೆ ಮುಗಿಯುವ ಮೊದಲೇ ಮೇಸ್ತ್ರಿ ಹಿಂದಿನಿಂದ ಬಂದು ಅವಳ ಬೆನ್ನಿಗೆ ತಿವಿದ. “ತೊಟ್ಟಿ ಕಂಠಮಟ್ಟ ತುಂಬಿದೆ ಕಣೇ. ಹೋಗಿ ಚಕ್ರ ತಿರುಗ್ಸು. ಒಂದೇ ಸಲಕ್ಕೆ ಬಿಡ್ಬೇಡ, ಸಾಹೇಬ್ರು ಹೊಳೆ ಕಡೆ ಹೋದ್ರೂ ಹೋದಾರು.”

ಅವಳು ಕಟ್ಟೆ ಹತ್ತಿದಳು. ಚಕ್ರದ ಮೇಲೆ ಕೈಯಿಟ್ಟಳು. ತೊಟ್ಟಿಯಲ್ಲಿ ಕೆಂಪು ನೀರು ನೊರೆಗಟ್ಟಿ ಅಂಚಿನ ಹತ್ತಿರ ತುಳುಕುತ್ತಿತ್ತು. ಗೋಡೆಯಾಚೆ ಹೊಳೆ. ದಂಡೆಯ ಮೇಲೆ ಬಕೆಟ್ಟು ಇನ್ನೂ ಉರುಳಿಬಿದ್ದಿತ್ತು. ನೀರೊಳಗಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಅವಳು ಚಕ್ರದ ಮೇಲೆ ಕೂತಳು. ಅದರ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

“ಏನೇ ಅದು, ತಮಾಷೆನಾ? ತಿರುಗ್ಸೇ!”

“ತಿರುಗ್ಸಲ್ಲ.”

“ಯಾಕೆ?”

“ಈಗ ಕೈ ಮುಂದೆ ಮಾಡ್ಸಿ ಹೇಳ್ಸಿದ್ರಲ್ಲಣ್ಣ. ನೀನೂ ಹೇಳ್ದೆ. ನಾನು ನೋಡ್ದೆ.”

ಮೇಸ್ತ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಜಡೆಗೆ ಕೈಹಾಕಿದ. “ಏಳ್ತೀಯೋ ಇಲ್ವೋ ಲೌಡಿ! ನಿನ್ನ ಗಂಡನ್ನ ಕಳಿಸಿದ ಕಡೆಗೇ ನಿನ್ನೂ ಕಳಿಸ್ತೀನಿ ನೋಡು!” ಎಂದು ಎಳೆದ. ತಲೆ ಹಿಂದಕ್ಕೆ ವಾಲಿತು, ಕೈ ಸಡಿಲವಾಗಲಿಲ್ಲ. ಸೊಂಟಕ್ಕೆ ಒದ್ದ, ಮುಖ ಕಂಬಕ್ಕೆ ಬಡಿಯಿತು. ಕೈ ಬಿಡಲಿಲ್ಲ. ಅಷ್ಟರಲ್ಲಿ ತೊಟ್ಟಿಯ ಅಂಚು ದಾಟಿದ ನೀರು ಅವನ ಪಾದದ ಮೇಲೆ ಹರಿಯಿತು. ಅವನು ಸುಟ್ಟುಕೊಂಡವನಂತೆ ಹಿಂದಕ್ಕೆ ಹಾರಿದ.

ನೀರಿಗೆ ಇಳಿಜಾರೊಂದೇ ದಾರಿ. ಅಂಗಳದ ಹೊಸ ಸುಣ್ಣದ ಗೆರೆಗಳನ್ನು ಅಳಿಸುತ್ತ, ವೇದಿಕೆಯ ಕಡೆಗೆ ನಾಲಗೆ ಚಾಚಿತು. ಮೊದಲು ಕಂಡದ್ದು ಫೋಟೋದವನಿಗೆ. ಧಣಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡ. ಮೇಡಂ ಕರವಸ್ತ್ರ ಮೂಗಿಗೇರಿಸಿ, “ಏನಿದು? ಇದೇನು ನೀರು?” ಎಂದು ಕೇಳಿದಳು. ಸಾಹೇಬರು ಯಾರಿಗೋ ಫೋನು ಹಚ್ಚುವವರಂತೆ ಮುಖ ತಿರುಗಿಸಿದರು.

“ಮಿಷನ್ ನಿಲ್ಸಲಾ ಧಣಿ?” ಎಂದು ಮ್ಯಾನೇಜರು ಓಡಿಬಂದ.

“ನಿಲ್ಸಿದ್ರೆ ಒಳಗಿರೋ ಬಟ್ಟೆ ಪೂರಾ ಹಾಳಾಗತ್ತೆ ಕತ್ತೆ! ಆ ಮುಂಡೇನ ಎಬ್ಬಿಸು! ಪೊಲೀಸರಿಗೆ ಹೇಳು!” ಮೈಕು ಇನ್ನೂ ನಡೆಯುತ್ತಿತ್ತು. ಧಣಿಯ ಮಾತು ಕಾರ್ಖಾನೆಯ ಗೋಡೆಗಳಿಗೆಲ್ಲ ಬಡಿದು ಕೇರಿಯವರೆಗೆ ಕೇಳಿಸಿತು.

ಆಗ ಮುದುಕಿ ವೇದಿಕೆಯಿಂದ ಇಳಿದಳು. ತಡೆಯಬೇಕಿದ್ದ ಕಾವಲುಗಾರ ಬೂಟು ಉಳಿಸಿಕೊಳ್ಳಲು ಕುರ್ಚಿ ಹತ್ತಿದ್ದ. ಹಲಗೆಯನ್ನು ಕೊರಳಿಂದ ತೆಗೆಯುವುದೂ ನೆನಪಾಗದೆ, ಕೆಂಪು ನೀರಿನಲ್ಲಿ ಪಚಪಚ ಹೆಜ್ಜೆ ಹಾಕುತ್ತ ಏರಿ ಹತ್ತಿ ಕಟ್ಟೆಗೆ ಬಂದಳು. ಸೊಸೆಯ ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಮುದುಕಿ ಅದನ್ನು ನೋಡಿದಳು. ಒರೆಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಸರ್ಕೊಳ್ಳೇ ಅತ್ಲಾಗೆ. ಒಬ್ಳೇ ಎಷ್ಟು ಜಾಗ ತಿಂತೀಯ?”

ಸೊಸೆ ಸರಿದಳು. ಮುದುಕಿ ಕೂತು, ಕಂಬಕ್ಕೂ ಸೊಸೆಗೂ ಸೇರಿಸಿ ಕೈ ಹಾಕಿದಳು. ಆಮೇಲೆ ಬಟ್ಟೆ ಒಣಗಿಸುವ ವಿಭಾಗದ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಹಿಂದೆ ಅವಳ ಓರಗಿತ್ತಿ. ಕೆಮ್ಮಿದ್ದ ಗಂಡಸು ಬಂದು ಕಟ್ಟೆಯ ಕೆಳಗೆ ಕೂತ. ಉಳಿದವರು ನಿಂತಲ್ಲೇ ನಿಂತಿದ್ದರು. ಕೆಲವರು ನೆಲ ನೋಡುತ್ತ, ಕೆಲವರು ಕೆಲಸ ಕಳೆದುಕೊಳ್ಳುವ ಭಯದಲ್ಲಿ ಗೇಟಿನ ಕಡೆ ಜಾರುತ್ತ.

ಹೊರಗೆ ಪೊಲೀಸ್ ಜೀಪು ಬಂದು ನಿಂತಿತು. ಲಾಠಿ ಹಿಡಿದವನೊಬ್ಬ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಊರಲು ಒಣ ಜಾಗ ಹುಡುಕಿದ. ಗೇಟಿನ ಅಡಿಯಿಂದ ಕೆಂಪು ನೀರು ಆಗಲೇ ರಸ್ತೆಗೆ ಬಂದಿತ್ತು.